ಗುಲಾಮರನ್ನು ಸಾಗಿಸಿದ ಕ್ಯಾಪ್ಟನ್ ಪಾದ್ರಿಯಾದ ಕಥೆ: ಜಾನ್ ನ್ಯೂಟನ್

‘ಅಮೇಜಿಂಗ್ ಗ್ರೇಸ್’ ಹಾಡನ್ನು ಇವತ್ತಿಗೂ ಜಗತ್ತಿನೆಲ್ಲೆಡೆ ಚರ್ಚುಗಳಲ್ಲಿ ಹಾಡುತ್ತಾರೆ. ಆದ್ರೆ ಅದನ್ನು ಬರೆದವನು ಒಂದು ಕಾಲದಲ್ಲಿ ಮನುಷ್ಯರನ್ನೇ ಕೊಂಡು ಮಾರುತ್ತಿದ್ದ ಅನ್ನೋದು ಎಷ್ಟೋ ಮಂದಿಗೆ ಗೊತ್ತಿಲ್ಲ. ಆತನೇ ಇಂಗ್ಲೆಂಡಿನ ಜಾನ್ ನ್ಯೂಟನ್.

ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ವ್ಯಾಪಿಂಗ್‌ನಲ್ಲಿ. ತಂದೆ ಹಡಗಿನ ಕ್ಯಾಪ್ಟನ್. ಬೈಬಲ್ ಕಲಿಸಿದ ತಾಯಿ ಕ್ಷಯರೋಗದಿಂದ ತೀರಿಕೊಂಡಾಗ ಹುಡುಗನಿಗೆ ಇನ್ನೂ ಏಳು ತುಂಬಿರಲಿಲ್ಲ. ಹನ್ನೊಂದನೇ ವಯಸ್ಸಿಗೇ ತಂದೆಯ ಜೊತೆ ಕಡಲಿಗಿಳಿದ. ಮುಂದೆ ನೌಕಾಪಡೆಯವರು ಬಲವಂತವಾಗಿ ಹಿಡಿದು ‘ಹಾರ್ವಿಚ್’ ಎಂಬ ಯುದ್ಧನೌಕೆಗೆ ಹಾಕಿದರು. ಅಲ್ಲಿಂದ ಓಡಿಹೋಗಲು ನೋಡಿ ಸಿಕ್ಕಿಬಿದ್ದು ಚಾಟಿಯೇಟು ತಿಂದ. ಕೊನೆಗೆ ಪಶ್ಚಿಮ ಆಫ್ರಿಕಾ ತೀರದ ಒಬ್ಬ ಗುಲಾಮರ ವ್ಯಾಪಾರಿಯ ಕೈಕೆಳಗೆ ಬಿದ್ದು, ತಾನೇ ಗುಲಾಮನ ಹಾಗೆ ಹಸಿವು, ಜ್ವರದಲ್ಲಿ ನರಳಿದ. ದೇವರನ್ನು ಬೈಯೋದರಲ್ಲಿ, ನಂಬಿದವರನ್ನು ಗೇಲಿ ಮಾಡೋದರಲ್ಲಿ ಮಾತ್ರ ಆತ ಎಲ್ಲರಿಗಿಂತ ಮುಂದು.

1748ರ ಮಾರ್ಚ್‌ನಲ್ಲಿ ‘ಗ್ರೇಹೌಂಡ್’ ಹಡಗಿನಲ್ಲಿ ಊರಿಗೆ ವಾಪಸಾಗುವಾಗ ಬಿರುಗಾಳಿ ಬಡಿಯಿತು. ಹಡಗಿನ ಒಂದು ಬದಿಯೇ ಒಡೆದು ನೀರು ನುಗ್ಗಿತು. ಗಂಟೆಗಟ್ಟಲೆ ಪಂಪ್ ಒತ್ತಿ, ಆಮೇಲೆ ಚುಕ್ಕಾಣಿ ಹಿಡಿದು ನಿಂತ 22ರ ಯುವಕನ ಬಾಯಲ್ಲಿ ದೇವರ ಕರುಣೆಯ ಮಾತು ತಾನಾಗಿಯೇ ಬಂತು. ತನ್ನಂಥವನಿಗೂ ಕ್ಷಮೆ ಇದೆಯಾ ಎಂಬ ಪ್ರಶ್ನೆ ಅಲ್ಲಿಂದ ಆತನನ್ನು ಬಿಡಲಿಲ್ಲ. ವಾರಗಳ ನಂತರ ಹಡಗು ಹೇಗೋ ಐರ್ಲೆಂಡ್ ತೀರ ಮುಟ್ಟಿತು.

ಮನುಷ್ಯ ತನ್ನ ಪುಣ್ಯದ ಬಲದಿಂದ ಪಾಪ ತೊಳೆದುಕೊಳ್ಳಲಾರ, ಶಿಲುಬೆಯ ಮೇಲೆ ಯೇಸು ಆ ಭಾರ ಹೊತ್ತದ್ದರಿಂದ ಕ್ಷಮೆ ಕೃಪೆಯಾಗಿ ಸಿಗುತ್ತೆ ಎಂಬುದು ಕ್ರೈಸ್ತ ನಂಬಿಕೆ. ನ್ಯೂಟನ್ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಆದರೆ ಪಶ್ಚಾತ್ತಾಪ ಅಂದ್ರೆ ಬರೀ ಕಣ್ಣೀರಲ್ಲ, ದಾರಿ ಬದಲಿಸೋದು ಅಂತಲೂ ಅದೇ ನಂಬಿಕೆ ಹೇಳುತ್ತೆ. ಆತ ಎಡವಿದ್ದು ಇಲ್ಲೇ.

ಬೈಯೋದು ಬಿಟ್ಟ, ಕುಡಿತ ಬಿಟ್ಟ. ಗುಲಾಮರ ವ್ಯಾಪಾರ ಮಾತ್ರ ಬಿಡಲಿಲ್ಲ! 1750ರಿಂದ 1754ರವರೆಗೆ ಗುಲಾಮರ ಹಡಗುಗಳಿಗೆ ಆತನೇ ಕ್ಯಾಪ್ಟನ್. ಭಾನುವಾರ ಮೇಲೆ ನಾವಿಕರ ಜೊತೆ ಪ್ರಾರ್ಥನೆ ನಡೆಯುತ್ತಿತ್ತು, ಕೆಳಗೆ ಸರಪಳಿಯಲ್ಲಿ ಆಫ್ರಿಕಾದ ಜನ ನರಳುತ್ತಿದ್ದರು. ದಂಗೆಯ ಸುಳಿವು ಸಿಕ್ಕಾಗ ಹುಡುಗರ ಹೆಬ್ಬೆರಳುಗಳನ್ನು ಕಬ್ಬಿಣದ ತಿರುಪಿಗೆ ಸಿಕ್ಕಿಸಿ ಬಾಯಿ ಬಿಡಿಸಿದ್ದೂ ಇದೆ. ಆ ಕಾಲದಲ್ಲಿ ಅದು ಕಾನೂನುಬದ್ಧ ದಂಧೆ, ಮರ್ಯಾದಸ್ಥರ ಕಸುಬು. ಹಾಗಾಗಿ ಪಾಪ ಅಂತ ಅನ್ನಿಸಲೇ ಇಲ್ಲ. 1754ರಲ್ಲಿ ಕಡಲು ಬಿಟ್ಟಿದ್ದೂ ಮನಸ್ಸಾಕ್ಷಿ ಚುಚ್ಚಿ ಅಲ್ಲ, ಆರೋಗ್ಯ ಕೆಟ್ಟು.

ನಂತರ ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯಾದ. ಬಿಡುವಿನಲ್ಲಿ ಗ್ರೀಕ್, ಹೀಬ್ರೂ ಕಲಿತ. 1764ರಲ್ಲಿ ಓಲ್ನಿ ಎಂಬ ಸಣ್ಣ ಊರಿಗೆ ಪಾದ್ರಿಯಾಗಿ ಬಂದ. ಅಲ್ಲಿ ಕವಿ ವಿಲಿಯಂ ಕೂಪರ್ ಜೊತೆ ಸೇರಿ ಕೀರ್ತನೆಗಳನ್ನು ಬರೆದ. 1773ರ ಹೊಸ ವರ್ಷದ ಪ್ರಸಂಗಕ್ಕೆಂದು ಬರೆದದ್ದೇ ‘ಅಮೇಜಿಂಗ್ ಗ್ರೇಸ್’.

1780ರಲ್ಲಿ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ಚರ್ಚಿಗೆ ವರ್ಗವಾಯಿತು. 1785ರಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ 26ರ ಸಂಸದ ಗುಟ್ಟಾಗಿ ಬಂದು, ರಾಜಕೀಯ ಬಿಡಲೇ ಅಂತ ಸಲಹೆ ಕೇಳಿದ. ಬಿಡಬೇಡ, ಅಲ್ಲೇ ಇದ್ದು ದೇವರ ಕೆಲಸ ಮಾಡು ಎಂಬುದು ನ್ಯೂಟನ್ ಸಲಹೆಯ ಸಾರ. ಗುಲಾಮರ ವ್ಯಾಪಾರದ ವಿರುದ್ಧ ಸಂಸತ್ತಿನಲ್ಲಿ ಹೋರಾಡಿದ್ದು ಅದೇ ವಿಲ್ಬರ್‌ಫೋರ್ಸ್.

ಆದರೆ ನ್ಯೂಟನ್ ಸ್ವತಃ ಬಾಯಿ ಬಿಟ್ಟಿದ್ದು 1788ರಲ್ಲಿ, ಕಡಲು ಬಿಟ್ಟ 34 ವರ್ಷಗಳ ನಂತರ. ಆಫ್ರಿಕಾದ ಗುಲಾಮರ ವ್ಯಾಪಾರದ ಬಗ್ಗೆ ಒಂದು ಕಿರುಪುಸ್ತಕ ಬರೆದು, ತಾನೂ ಅದರಲ್ಲಿ ಪಾಲುದಾರ, ಈ ತಪ್ಪೊಪ್ಪಿಗೆ ತೀರಾ ತಡವಾಯಿತು ಎಂದು ಜನರ ಮುಂದೆ ಒಪ್ಪಿಕೊಂಡ. ಹಡಗಿನಲ್ಲಿ ಕಂಡದ್ದನ್ನೆಲ್ಲ ಅಧಿಕಾರಸ್ಥರ ಮುಂದೆ ಸಾಕ್ಷಿಯಾಗಿ ಹೇಳಿದ.

ಬೈಬಲ್‌ನಲ್ಲಿ ಜಕ್ಕಾಯ ಎಂಬ ಸುಂಕದವನು ಬರುತ್ತಾನೆ. ಮೋಸದಿಂದ ತಗೊಂಡದ್ದನ್ನು ನಾಲ್ಕು ಪಟ್ಟು ತಿರುಗಿ ಕೊಡುತ್ತೇನೆ ಅಂತ ಆತ ಮಾತು ಕೊಟ್ಟ. ನ್ಯೂಟನ್‌ಗೆ ಅದು ಸಾಧ್ಯವಿರಲಿಲ್ಲ. ಮಾರಿದ ಜನರನ್ನು ಎಲ್ಲಿಂದ ತಿರುಗಿ ತರೋದು? ದೇವರು ಕ್ಷಮಿಸಿದನೆಂದು ಆತ ನಂಬಿದ್ದ. ಆ ಜನರಂತೂ ಲೆಕ್ಕ ಕೇಳಲು ಬರಲೇ ಇಲ್ಲ. ಕೈಲಿ ಉಳಿದದ್ದು ಸತ್ಯ ಹೇಳೋದೊಂದೇ.

1807ರ ಮಾರ್ಚ್ 25ರಂದು ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಕಣ್ಣು ಮಂಜಾಗಿದ್ದ ಮುದುಕ ಪಾದ್ರಿ ಆ ಸುದ್ದಿಯ ತನಕ ಬದುಕಿದ್ದ. ಅದೇ ವರ್ಷ ಡಿಸೆಂಬರ್ 21ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡ.