ಕೆಂಪು ಮಾತ್ರೆಯ ಹಿಂದಿನ ಲೂಸಿ

ಹೋದ ವರ್ಷ ಅಕ್ಕ ಹೆರಿಗೆಗೆಂದು ನಮ್ಮೂರು ಹಳ್ಳಿಖೇಡ (ಬಿ)ಗೆ ಬಂದಾಗ ಏಳು ತಿಂಗಳು ತುಂಬಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ರೊಟ್ಟಿ ಬಡಿಯಲು ಕೂತರೆ ಕಣ್ಣಿಗೆ ಕತ್ತಲೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8. ಗರ್ಭಿಣಿಗೆ ಕನಿಷ್ಠ 11 ಇರಬೇಕು. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆಗಳು ಅವಳ ಚೀಲದ ತಳದಲ್ಲಿ ಹಾಗೇ ಇದ್ದವು. ವಾಕರಿಕೆ, ಕಪ್ಪು ಮಲ, ಜತೆಗೆ ಮಗು ಕಪ್ಪಾಗುತ್ತದೆ ಎಂಬ ಅಕ್ಕಪಕ್ಕದವರ ಮಾತು. ಹೆದರಿ ನಿಲ್ಲಿಸಿಬಿಟ್ಟಿದ್ದಳು. ಅವಳಿಗೆ ತಿಳಿಹೇಳಲು ಆ ಮಾತ್ರೆಯ ಬಗ್ಗೆ ಓದುತ್ತಾ ಹೋದಾಗ ನನಗೆ ಪರಿಚಯವಾದವರು ಲೂಸಿ ವಿಲ್ಸ್.

ಲೂಸಿ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿ. ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಭೂವಿಜ್ಞಾನ ಓದಿ 1911ರಲ್ಲಿ ಪರೀಕ್ಷೆ ಮುಗಿಸಿದರು. ಆದರೆ ಪದವಿ ಸಿಗಲಿಲ್ಲ. ಆಗ ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. ಅದೇ ವರ್ಷ ತಂದೆ ತೀರಿಕೊಂಡರು, ಎರಡೇ ವರ್ಷಕ್ಕೆ ಅಕ್ಕನೂ ಹೋದರು. ಮುಂದೇನು ಎಂಬುದು ಸ್ಪಷ್ಟವಿಲ್ಲದ ದಿನಗಳವು. 1914ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಮಹಾಯುದ್ಧ ಶುರುವಾಯಿತು. ಕೇಪ್‌ಟೌನ್‌ನಲ್ಲಿ ಕೆಲವು ವಾರ ಸ್ವಯಂಸೇವಕಿಯಾಗಿ ರೋಗಿಗಳ ಶುಶ್ರೂಷೆ ಮಾಡಿದರು. ಊರಿಗೆ ಮರಳಿ 1915ರಲ್ಲಿ ಲಂಡನ್‌ನ ಮಹಿಳಾ ವೈದ್ಯಕೀಯ ಶಾಲೆ ಸೇರಿದರು. ವೈದ್ಯೆಯಾದಾಗ ವಯಸ್ಸು 32. ಪರೀಕ್ಷೆ ಮೇಲೆ ಪರೀಕ್ಷೆ ಬರೆಯುತ್ತಾ ವಯಸ್ಸು ಲೆಕ್ಕ ಹಾಕುವ ನನ್ನಂಥವರು ಈ ಸಂಖ್ಯೆಯನ್ನು ನೆನಪಿಡಬೇಕು.

ಅವರ ನಿಜವಾದ ಕೆಲಸ ಶುರುವಾದದ್ದು ಇನ್ನೂ ತಡವಾಗಿ. 1928ರಲ್ಲಿ, 40ನೇ ವಯಸ್ಸಿನಲ್ಲಿ, ಮುಂಬೈಗೆ ಬಂದರು. ಅಲ್ಲಿ ಬಟ್ಟೆ ಗಿರಣಿ ಕೆಲಸಗಾರರ ಕುಟುಂಬಗಳ ಬಡ ಗರ್ಭಿಣಿಯರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಕಬ್ಬಿಣಾಂಶದ ಕೊರತೆಯಾದರೆ ಕೆಂಪು ರಕ್ತಕಣಗಳು ಚಿಕ್ಕದಾಗಿ ಬಿಳಿಚಿಕೊಳ್ಳುತ್ತವೆ. ಈ ತಾಯಂದಿರಲ್ಲಿ ಕಣಗಳು ಉಬ್ಬಿ ದೊಡ್ಡದಾಗಿದ್ದವು. ಇದು ಬೇರೆಯದೇ ರಕ್ತಹೀನತೆ.

ಲೂಸಿ ಮೊದಲು ಸೋಂಕು ಹುಡುಕಿದರು, ಸಿಗಲಿಲ್ಲ. ಆಮೇಲೆ ಆ ಹೆಂಗಸರ ತಟ್ಟೆಯನ್ನೇ ನೋಡಿದರು. ಅವರು ಉಣ್ಣುತ್ತಿದ್ದ ಬಡ ಊಟವನ್ನೇ ಪ್ರಯೋಗದ ಇಲಿಗಳಿಗೆ ಕೊಟ್ಟಾಗ ಅವಕ್ಕೂ ರಕ್ತಹೀನತೆ ಬಂತು. ಆದರೆ ಇಲಿಗಳಲ್ಲಿ ಹೇನಿನಿಂದ ಹರಡುವ ಸೋಂಕೂ ಸೇರಿಕೊಂಡಿದ್ದು ಗೊತ್ತಾಗಿ ಲೆಕ್ಕ ತಪ್ಪಿತು. ಅವರು ಕೈಬಿಡಲಿಲ್ಲ, ಮಂಗಗಳ ಮೇಲೆ ಪ್ರಯೋಗ ಮುಂದುವರಿಸಿದರು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಕಾಯಿಲೆ ಬಿದ್ದ ಮಂಗ ಚೇತರಿಸಿಕೊಂಡಿತು. ಗರ್ಭಿಣಿಯರಿಗೆ ಕೊಟ್ಟರು, ಅವರೂ ಚೇತರಿಸಿಕೊಂಡರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನು ಪ್ರಕಟಿಸಿದರು.

ಯೀಸ್ಟ್‌ನಲ್ಲಿದ್ದ ಆ ಅಂಶ ಯಾವುದೆಂದು ಆಗ ಗೊತ್ತಿರಲಿಲ್ಲ; ಜನ ಅದನ್ನು ವಿಲ್ಸ್ ಅಂಶ ಎಂದೇ ಕರೆದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು. ಲ್ಯಾಟಿನ್‌ನಲ್ಲಿ ಎಲೆಗಿರುವ ಹೆಸರಿನಿಂದ ಅದು ಫೋಲಿಕ್ ಆಮ್ಲವಾಯಿತು. ಮುಂದೆ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಲೆಡರ್ಲೆ ಕಂಪನಿಯ ತಂಡವನ್ನು ಮುನ್ನಡೆಸಿದವರು ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಎರಡನೇ ಮಹಾಯುದ್ಧದ ಕಾಲದಲ್ಲಿ ಲೂಸಿ ಲಂಡನ್‌ನ ರಾಯಲ್ ಫ್ರೀ ಆಸ್ಪತ್ರೆಯಲ್ಲಿದ್ದರು. ಪಡಿತರದ ಊಟ ಮತ್ತು ದಿನವೂ ಕೊಡುವ ಕಬ್ಬಿಣಾಂಶ ಗರ್ಭಿಣಿಯರ ಹಿಮೋಗ್ಲೋಬಿನ್ ಮೇಲೆ ಬೀರುವ ಪರಿಣಾಮವನ್ನು ಅಧ್ಯಯನ ಮಾಡಿದರು. 1944ರಲ್ಲಿ ಆಸ್ಪತ್ರೆಯ ಮೇಲೆ ಬಾಂಬ್ ಬಿದ್ದು ಜನ ಸತ್ತರು. ಕೆಲವೇ ದಿನಗಳಲ್ಲಿ ಕೆಲಸ ಮತ್ತೆ ನಡೆಯಿತು. ನಿವೃತ್ತಿಯ ನಂತರವೂ ಫಿಜಿ, ಜಮೈಕಾಗಳಲ್ಲಿ ರಕ್ತಹೀನತೆಯ ಅಧ್ಯಯನ ಮುಂದುವರಿಸಿದರು. 1964ರ ಏಪ್ರಿಲ್ 16ರಂದು ತೀರಿಕೊಂಡರು. 2019ರಲ್ಲಿ ಅವರ ಹುಟ್ಟುಹಬ್ಬಕ್ಕೆ ಗೂಗಲ್ ಡೂಡಲ್ ಹಾಕಿದಾಗಲೇ ಎಷ್ಟೋ ಮಂದಿಗೆ ಅವರ ಹೆಸರು ತಿಳಿದದ್ದು.

ಅಂಗನವಾಡಿಗಳಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಒಂದು ಇಲ್ಲದೆ ಇನ್ನೊಂದು ಸಾಲದು ಎಂಬ ಪಾಠ ಆ ಪುಟ್ಟ ಮಾತ್ರೆಯೊಳಗಿದೆ. ಗರ್ಭಿಣಿಯರು ನಾಲ್ಕನೇ ತಿಂಗಳಿಂದ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ತೆಗೆದುಕೊಳ್ಳಬೇಕು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ.

ಲೂಸಿಯ ಕಥೆ ಕೇಳಿ ಅಕ್ಕ ನಕ್ಕಳು, ಆದರೆ ಮಾತ್ರೆಯನ್ನು ಚೀಲದಿಂದ ಹೊರತೆಗೆದಳು. ಕಪ್ಪು ಮಲ ಕಬ್ಬಿಣಾಂಶದ ಗುರುತಷ್ಟೇ, ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ ಎಂದು ವೈದ್ಯರು ಬಿಡಿಸಿ ಹೇಳಿದರು. ದಿನ ಕಡಿಮೆ ಉಳಿದಿದ್ದರಿಂದ ಡ್ರಿಪ್ ಮೂಲಕವೂ ಕಬ್ಬಿಣಾಂಶ ಕೊಟ್ಟರು. ಮಾತ್ರೆ ನುಂಗುವ ಹೊತ್ತಿಗೆ ಚಹಾ, ಹಾಲು ಬಂದ್ ಆಯಿತು. ಊಟದಲ್ಲಿ ಪುಂಡಿಪಲ್ಯ, ಬೇಳೆ, ಮೊಟ್ಟೆ, ಮೇಲೊಂದಿಷ್ಟು ನಿಂಬೆರಸ ಸೇರಿತು. ಹೆರಿಗೆಯ ಹೊತ್ತಿಗೆ ಹಿಮೋಗ್ಲೋಬಿನ್ 10 ದಾಟಿತ್ತು. ಈಗ ಸೊಸೆಗೆ ಎಂಟು ತಿಂಗಳು, ಮನೆ ತುಂಬಾ ಅಂಬೆಗಾಲು.

ನಿಮ್ಮ ಮನೆಯಲ್ಲೂ ಅಕ್ಕನೋ ಅತ್ತಿಗೆಯೋ ಗರ್ಭಿಣಿಯಾಗಿದ್ದರೆ ಇವತ್ತೇ ಒಮ್ಮೆ ಕೇಳಿ, ಮಾತ್ರೆ ತೆಗೆದುಕೊಂಡಿರಾ ಎಂದು. ಓದಿದವರು ಮನೆಯಲ್ಲಿದ್ದು ಅಷ್ಟನ್ನಾದರೂ ಕೇಳದಿದ್ದರೆ ಹೇಗೆ?