ದಾರಿಯನ್ನು ತೆರೆದ ವೀರ: ಮೇಜರ್ ರಾಮ ರಾಘೋಬಾ ರಾಣೆಯವರು

ನಮ್ಮ ಪ್ರಿಯ ಪೂರ್ವವಿದ್ಯಾರ್ಥಿನಿಯರಲ್ಲಿಯೂ ಅವರ ತಾಯಿತಂದೆಗಳಲ್ಲಿಯೂ ಅರಬೈಲ್ ಘಟ್ಟವನ್ನು ಇಳಿದು ಹತ್ತದವರು ಬಹು ವಿರಳ. ಮಳೆಗಾಲದಲ್ಲಿ ಆ ಘಟ್ಟದ ಒಂದು ತಿರುವಿನಲ್ಲಿ ಮಣ್ಣು ಕುಸಿದರೂ ಸಾಕು, ಮೇಲಿನ ಸರಕು ಕೆಳಗಿಳಿಯದು, ಕೆಳಗಿನ ಸರಕು ಮೇಲೇರದು. ಪರವೂರಿನಲ್ಲಿರುವ ಮಗಳು ರೋಗಿಯಾದ ತಾಯಿಯ ಬಳಿಗೆ ಬರಲಾರಳು. ಆದಕಾರಣ ದಾರಿಯೆಂದರೇನು, ದಾರಿ ಕಟ್ಟಿದರೇನು ಎಂಬುದನ್ನು ನಮ್ಮ ಸೀಮೆಯವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಈ ಘಟ್ಟವನ್ನಿಳಿದು ಅಂಕೋಲೆಯನ್ನು ದಾಟಿ ಕಾರವಾರದ ಕಡೆಗೆ ಸಾಗುವಾಗ ಸಮುದ್ರತೀರದಲ್ಲಿ ಚೆಂಡಿಯಾ ಎಂಬ ಗ್ರಾಮವಿರುವುದು. ಅಲ್ಲಿಯವರಾದ ಒಬ್ಬ ಮಹಾಶಯರು ಶತ್ರುವಿನ ಗುಂಡಿನ ಮಳೆಯಲ್ಲಿ ಕಟ್ಟಿಹೋಗಿದ್ದ ದಾರಿಯೊಂದನ್ನು ತೆರೆದು ದೇಶದ ಅತ್ಯುನ್ನತವಾದ ಶೌರ್ಯಪದಕವನ್ನು ಪಡೆದರು. ಅವರ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಬರೆಯುವೆನು.

ರಾಮ ರಾಘೋಬಾ ರಾಣೆಯವರು 1918ನೆಯ ಇಸವಿ ಜೂನ್ 26ರಂದು ಜನಿಸಿದರು. ಉತ್ತರ ಕನ್ನಡ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. ತಂದೆಯಾದ ರಾಘೋಬಾ ರಾಣೆಯವರು ಪೊಲೀಸು ಕಾನ್‌ಸ್ಟೇಬಲರಾಗಿದ್ದುದರಿಂದ ಊರಿಂದೂರಿಗೆ ವರ್ಗವಾಗುತ್ತಲೇ ಇತ್ತು. ಅದರಿಂದ ಹುಡುಗನ ವಿದ್ಯಾಭ್ಯಾಸವು ಒಂದೇ ಶಾಲೆಯಲ್ಲಿ ನೆಲೆಯಾಗಿ ನಡೆಯಲಿಲ್ಲ. ತಂದೆಯ ನೌಕರಿಯ ನಿಮಿತ್ತವಾಗಿ ವರ್ಷದ ನಡುವೆಯೇ ಪಾಠಶಾಲೆಯನ್ನು ಬಿಟ್ಟುಹೋಗುವ ಬಾಲಿಕೆಯರ ವಿಷಯವಾಗಿ ನಮ್ಮಂಥ ಉಪಾಧ್ಯಾಯಿನಿಯರು ಬಹಳ ಚಿಂತೆಪಡುವುದುಂಟು. ರಾಣೆಯವರ ಬಾಲ್ಯವನ್ನು ನೆನೆದರೆ ಆ ಚಿಂತೆಯು ಸ್ವಲ್ಪ ಹಗುರವಾಗುವುದು.

1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದು ಜಿಲ್ಲೆಯೆಲ್ಲವೂ ಅಲ್ಲೋಲಕಲ್ಲೋಲವಾಗಿದ್ದಾಗ ರಾಮನಿಗೆ ಹನ್ನೆರಡು ವರುಷ. ಆ ಚಳವಳಿಯ ಕಡೆಗೆ ಅವನ ಮನಸ್ಸು ಬಲವಾಗಿ ಎಳೆಯಲ್ಪಟ್ಟಿತು. ಸರಕಾರದ ಅನ್ನವನ್ನುಣ್ಣುತ್ತಿದ್ದ ಪೊಲೀಸಿನವನ ಮನೆಯಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ತಂದೆಯು ಭಯಪಟ್ಟು ಸಂಸಾರವನ್ನು ಚೆಂಡಿಯಾಕ್ಕೆ ಕರೆತಂದನು.

ಎರಡನೆಯ ಮಹಾಯುದ್ಧವು ಆರಂಭವಾದ ಬಳಿಕ, 1940ನೆಯ ಜುಲೈ 10ರಂದು, ಇಪ್ಪತ್ತೆರಡರ ತರುಣರಾಗಿದ್ದ ರಾಣೆಯವರು ಬಾಂಬೆ ಎಂಜಿನಿಯರ್ಸ್ ದಳದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಈ ದಳದವರಿಗೆ ಸ್ಯಾಪರರೆಂದು ಹೆಸರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರುವು ಹುಗಿದಿಟ್ಟ ನೆಲಬಾಂಬುಗಳನ್ನು ಕಿತ್ತು ತೆಗೆಯುವುದು, ಇವೇ ಅವರ ಕೆಲಸ. ಪುಣೆಯ ಬಳಿಯ ಕಿರ್ಕಿಯಲ್ಲಿ ಶಿಕ್ಷಣ ಪಡೆದು, ತಮ್ಮ ತಂಡದಲ್ಲಿ ಅತ್ಯುತ್ತಮನೆಂದು ಎಣಿಸಲ್ಪಟ್ಟು, ಕಮಾಂಡಾಂಟರ ಬೆತ್ತವನ್ನು ಬಹುಮಾನವಾಗಿ ಪಡೆದರು. ಬಳಿಕ ಬ್ರಹ್ಮದೇಶದಲ್ಲಿ ಜಪಾನೀಯರ ಎದುರು ಕಾದುತ್ತಿದ್ದ 26ನೆಯ ಪದಾತಿ ವಿಭಾಗಕ್ಕೆ ಅವರನ್ನು ಕಳುಹಿಸಿದರು. ಅರಕಾನಿನಿಂದ ಸೈನ್ಯವು ಹಿಮ್ಮೆಟ್ಟಿದಾಗ ಬುಥಿಡಾಂಗಿನ ಮದ್ದುಗುಂಡಿನ ದಾಸ್ತಾನನ್ನು ನಾಶಮಾಡಲು ಹಿಂದೆ ಉಳಿದವರಲ್ಲಿ ಇವರೂ ಒಬ್ಬರು. ಕೆಲಸ ಮುಗಿದ ಮೇಲೆ ಹಡಗಿನಲ್ಲಿ ಕರೆದೊಯ್ಯುವ ಏರ್ಪಾಡು ನೆರವೇರಲಿಲ್ಲ. ಜಪಾನೀಯರು ಕಾಯುತ್ತಿದ್ದ ಹೊಳೆಯನ್ನು ತಾವೇ ದಾಟಿ, ಆ ಚಿಕ್ಕ ಗುಂಪು ತಮ್ಮವರನ್ನು ಸೇರಿತು. ಹವಾಲ್ದಾರರಾದ ರಾಣೆಯವರಿಗೆ ಸ್ವಾತಂತ್ರ್ಯ ಬಂದ ವರುಷದ ಕಡೆಯಲ್ಲಿ, 1947ನೆಯ ದಶಂಬರ 15ರಂದು, ಸೆಕೆಂಡ್ ಲೆಫ್ಟೆನೆಂಟರ ಅಧಿಕಾರವು ದೊರೆಯಿತು.

ಆ ಹೊತ್ತಿಗೆ ಕಾಶ್ಮೀರದಲ್ಲಿ ಯುದ್ಧವು ಹತ್ತಿದ್ದಿತು. ರಾಜೌರಿ ಪಟ್ಟಣವು ಶತ್ರುಗಳ ವಶವಾಗಿ ಅಲ್ಲಿಯ ಪ್ರಜೆಗಳು ಘೋರವಾದ ಹಿಂಸೆಗೆ ಈಡಾಗಿದ್ದರು. ಅವರನ್ನು ಬಿಡಿಸಬೇಕಾದರೆ ನೌಶೇರಾದಿಂದ ಟ್ಯಾಂಕುಗಳು ಹೋಗಬೇಕು. ಹಿಂದೆ ಮೊಗಲ ಬಾದಶಹರು ಕಾಶ್ಮೀರಕ್ಕೆ ಪ್ರಯಾಣಮಾಡುತ್ತಿದ್ದ ಹಳೆಯ ದಾರಿಯೇ ಅದು. ನಮ್ಮ ಘಟ್ಟದಂತೆಯೇ ಬೆಟ್ಟವನ್ನು ಸುತ್ತಿ ಸುತ್ತಿ ಸಾಗುವುದು. ಶತ್ರುಗಳು ಅದರಲ್ಲಿ ದೇವದಾರು ಜಾತಿಯ ದೊಡ್ಡ ಮರಗಳನ್ನು ಕೆಡವಿ, ಮೋರಿಗಳನ್ನು ಒಡೆದು, ನೆಲಬಾಂಬುಗಳನ್ನು ಹುಗಿದು, ಮೇಲಿನ ಗುಡ್ಡಗಳಲ್ಲಿ ಮಶೀನ್‌ಗನ್ನುಗಳನ್ನು ಹೂಡಿ ಕುಳಿತಿದ್ದರು.

1948ನೆಯ ಎಪ್ರಿಲ್ 8ರಂದು 37ನೆಯ ಅಸಾಲ್ಟ್ ಫೀಲ್ಡ್ ಕಂಪೆನಿಯ ಒಂದು ತುಕಡಿಯೊಡನೆ ರಾಣೆಯವರು ಕೆಲಸಕ್ಕೆ ತೊಡಗಿದರು. ತೊಡಗುತ್ತಲೇ ಮೋರ್ಟಾರಿನ ಗುಂಡುಗಳು ಬಂದು ಬಿದ್ದವು. ಇಬ್ಬರು ಸ್ಯಾಪರರು ಮಡಿದರು, ಐವರು ಗಾಯಗೊಂಡರು. ಆ ಐವರಲ್ಲಿ ರಾಣೆಯವರೂ ಒಬ್ಬರು. ಗಾಯಕ್ಕೆ ಲಕ್ಷ್ಯಕೊಡದೆ ಉಳಿದವರನ್ನು ಕೂಡಿಸಿಕೊಂಡು ಕೆಲಸವನ್ನು ಮುಂದುವರಿಸಿದರು. ಬರ್ವಾಲಿ ದಿಣ್ಣೆಯು ಡೋಗ್ರಾ ದಳದವರ ಕೈಸೇರಿದ ಬಳಿಕವೂ ವಿಶ್ರಮಿಸದೆ, ಶತ್ರುವಿನ ಕಣ್ಣೆದುರಿನಲ್ಲಿಯೇ ರಾತ್ರಿಯವರೆಗೆ ದುಡಿದರು. ನೆಲಬಾಂಬುಗಳಿದ್ದೆಡೆಯಲ್ಲಿ ಟ್ಯಾಂಕಿನ ಅಡಿಯಲ್ಲಿ ತೆವಳಿ, ಕೈಯಲ್ಲಿದ್ದ ಹಗ್ಗಗಳನ್ನೆಳೆದು ಚಾಲಕನಿಗೆ ಸನ್ನೆಮಾಡುತ್ತ, ಅದರೊಡನೆಯೇ ಮುಂದುವರಿದರೆಂದು ಹೇಳುವರು. ಒಂದು ಟ್ಯಾಂಕಿನ ಭಾರವನ್ನು ತಿಳಿದವರಿಗೆ ಇದನ್ನು ಓದುವಾಗಲೇ ಮೈ ನಡುಗುವುದು.

9ನೆಯ ತಾರೀಖು ಬೆಳಿಗ್ಗೆ ಆರು ಘಂಟೆಗೆ ಮತ್ತೆ ಆರಂಭ. ಕೆಡವಿದ ಮರಗಳನ್ನು ಸಿಡಿಮದ್ದಿನಿಂದ ಹಾರಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇನ್ನೊಂದು ಅಡ್ಡಿ. ಅದರಾಚೆಗೆ ಒಡೆದ ಮೋರಿ. 10ರಂದು ಬೆಳಗಾಗುವ ಮೊದಲೇ ಎದ್ದು ಇನ್ನೊಂದು ತಡೆಯನ್ನು ತೆಗೆದರು. ಟ್ಯಾಂಕುಗಳು ಚಿಂಗಸನ್ನು ತಲಪಿದವು. ಅಷ್ಟರಿಂದಲೇ ಕೆಲಸ ಮುಗಿಯಿತೆಂದು ಯಾರೂ ಹೇಳಬಹುದಾಗಿತ್ತು. ಆದರೆ ಅನ್ನ, ಔಷಧ, ಮದ್ದುಗುಂಡುಗಳ ಗಾಡಿಗಳು ಬಾರದೆ ಟ್ಯಾಂಕುಗಳು ಹೆಚ್ಚು ದೂರ ಹೋಗಲಾರವೆಂದು ರಾಣೆಯವರು ಬಲ್ಲವರಾಗಿದ್ದರು. ಊಟವಿಲ್ಲದೆ, ವಿಶ್ರಾಂತಿಯಿಲ್ಲದೆ ರಾತ್ರಿ ಒಂಬತ್ತರವರೆಗೂ ದಾರಿಯನ್ನು ಸರಿಮಾಡುತ್ತಲೇ ಇದ್ದರು. 11ರಂದು ಚಿಂಗಸಿನವರೆಗೆ ಮಾರ್ಗವು ತೆರೆಯಿತು. 12ರಂದು ರಾಜೌರಿಯು ಬಿಡುಗಡೆಯಾಯಿತು.

ಈ ನಾಲ್ಕು ದಿನಗಳ ಕಾರ್ಯದಲ್ಲಿ ನನ್ನ ಮನಸ್ಸನ್ನು ಸೆಳೆಯುವ ಸಂಗತಿಯೊಂದುಂಟು. ಪರಮವೀರರೆಂದರೆ ಶತ್ರುವನ್ನು ಕೊಂದವರೆಂದು ಮಕ್ಕಳು ಎಣಿಸುವರು. ರಾಣೆಯವರ ಕೈಯಲ್ಲಿದ್ದುದು ನೆಲಬಾಂಬನ್ನು ಕೀಳುವ, ದಾರಿಯನ್ನು ಸಮಮಾಡುವ ಕೆಲಸವು. ಇತರರು ಸುಖವಾಗಿ ಹಾದುಹೋಗಲೆಂದು ಅವರು ಮಣ್ಣಿನಲ್ಲಿ ತೆವಳಿದರು. ಅವರೊಡನೆ ಮೊದಲ ದಿನವೇ ಮಡಿದ ಇಬ್ಬರ ಹೆಸರನ್ನು ನಮ್ಮ ಪಾಠಪುಸ್ತಕಗಳಲ್ಲಿ ನಾನು ಕಂಡಿಲ್ಲ. ಅವರ ಮನೆಗಳಲ್ಲಿಯೂ ಅಮ್ಮಂದಿರು ಬಾಗಿಲಲ್ಲಿ ನಿಂತು ಕಾದಿದ್ದಿರಬೇಕು.

ಪರಮವೀರ ಚಕ್ರವು 1950ನೆಯ ಜನವರಿ 26ರಂದು ಸ್ಥಾಪಿತವಾಯಿತು. ಆ ಪದಕದ ರೂಪವನ್ನು ಕಲ್ಪಿಸಿದವರು ಒಬ್ಬ ಸ್ತ್ರೀಯೆಂಬುದನ್ನು ನಮ್ಮ ಬಾಲಿಕೆಯರು ಅರಿತಿರಬೇಕು. ಯೂರೋಪಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯನ್ನು ವರಿಸಿ, ನಮ್ಮ ಪುರಾಣಗಳನ್ನು ಶ್ರದ್ಧೆಯಿಂದ ಅಭ್ಯಾಸಮಾಡಿದ ಸಾವಿತ್ರಿಬಾಯಿ ಖಾನೋಲಕರರೇ ಆಕೆ. ಕಂಚಿನ ಪದಕದ ಮೇಲೆ ಇಂದ್ರನ ವಜ್ರಾಯುಧವನ್ನು ನಾಲ್ಕು ಕಡೆಗಳಲ್ಲಿಯೂ ಮೂಡಿಸಿದರು. ದಧೀಚಿಯು ಲೋಕಹಿತಕ್ಕಾಗಿ ತನ್ನ ಎಲುಬನ್ನೇ ಕೊಟ್ಟ ಕಥೆಯು ಅದರಲ್ಲಿ ಅಡಗಿರುವುದು. ಕಾಶ್ಮೀರದ ಆ ಮೊದಲ ಯುದ್ಧದಲ್ಲಿ ಈ ಪದಕಕ್ಕೆ ಪಾತ್ರರಾದವರು ಐವರು. ಸೋಮನಾಥ ಶರ್ಮಾ, ಜದುನಾಥ ಸಿಂಗ್, ಪೀರೂ ಸಿಂಗ್ ಇವರು ರಣದಲ್ಲಿಯೇ ಪ್ರಾಣವನ್ನರ್ಪಿಸಿದ್ದರು. ಕರಮ ಸಿಂಗರೂ ರಾಣೆಯವರೂ ಬದುಕಿ ಉಳಿದರು.

ಬದುಕಿ ಉಳಿದ ವೀರನನ್ನು ಲೋಕವು ಬೇಗನೆ ಮರೆಯುವುದು. ಮಡಿದವನಿಗೆ ಹಾರವನ್ನು ಹಾಕುವ ನಾವು, ಪಿಂಚಣಿಯ ಕಾಗದವನ್ನು ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತ ಮುದಿ ಸಿಪಾಯಿಗೆ ಕುಳಿತುಕೊಳ್ಳೆಂದು ಸಹ ಹೇಳುವುದಿಲ್ಲ. ರಾಣೆಯವರು ಆ ಬಳಿಕವೂ ಬಹುಕಾಲ ಸೈನ್ಯದಲ್ಲಿದ್ದು, ಐದು ಸಾರಿ ಅಧಿಕೃತ ವರದಿಗಳಲ್ಲಿ ಹೆಸರಿಸಲ್ಪಟ್ಟು, 1968ರಲ್ಲಿ ಮೇಜರರಾಗಿ ನಿವೃತ್ತರಾದರು. 1984ರಲ್ಲಿ ಒಂದು ತೈಲದ ಹಡಗಿಗೆ ಅವರ ಹೆಸರನ್ನಿಟ್ಟಾಗ ಅವರು ಇನ್ನೂ ಜೀವಿಸಿದ್ದರು. 1994ನೆಯ ಜುಲೈ 11ರಂದು ಪುಣೆಯ ಸೈನಿಕ ಆಸ್ಪತ್ರೆಯಲ್ಲಿ, ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ, ದೇವರ ಪಾದವನ್ನು ಸೇರಿದರು. 2023ರಲ್ಲಿ ಅಂಡಮಾನಿನ ಒಂದು ದ್ವೀಪವೂ ಅವರ ಹೆಸರನ್ನು ಪಡೆಯಿತು.

ಕಾರವಾರದ ಸಮುದ್ರತೀರದಲ್ಲಿ, ಚಪಲ್ ಎಂಬ ಯುದ್ಧನೌಕೆಯನ್ನು ದಡಕ್ಕೇರಿಸಿ ಮಾಡಿದ ವಸ್ತುಸಂಗ್ರಹಾಲಯದ ಬಳಿಯಲ್ಲಿ, 2006ರ ನವೆಂಬರಿನಲ್ಲಿ ರಾಣೆಯವರ ಪ್ರತಿಮೆಯು ಸ್ಥಾಪಿತವಾಯಿತು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅರಬೈಲನ್ನಿಳಿದು ಕಾರವಾರಕ್ಕೆ ಹೋಗುವ ನಮ್ಮ ಪೂರ್ವವಿದ್ಯಾರ್ಥಿನಿಯರು, ನೌಕೆಯನ್ನು ನೋಡುವ ಆತುರದಲ್ಲಿ ಆ ಪ್ರತಿಮೆಯನ್ನು ದಾಟಿ ಹೋಗದೆ, ಒಂದು ನಿಮಿಷ ಅಲ್ಲಿ ನಿಂತು, ಕೆಳಗೆ ಕೆತ್ತಿರುವ ಹೆಸರನ್ನು ಮಕ್ಕಳಿಂದಲೇ ಓದಿಸುವರೆಂದು ನಂಬಿರುವೆನು.