ಕಿಟ್ಟೆಲ್ ಮತ್ತು ಪದಗಳ ನಡುವಿನ ಅಂತರ

ಸಂತೆಮರಹಳ್ಳಿಯನ್ನು ಒಂದೇ ಪದವಾಗಿ ಬರೆಯಬೇಕೇ, ಸಂತೆ ಮರಹಳ್ಳಿ ಎಂದು ಬಿಡಿಸಬೇಕೇ, ಇಂಗ್ಲಿಷಿನಲ್ಲಾದರೆ ನಡುವೆ ಅಡ್ಡಗೆರೆ ಎಳೆಯಬೇಕೇ? 2004ರ ವಿಧಾನಸಭಾ ಚುನಾವಣೆಯಲ್ಲಿ ಒಂದೇ ಮತದ ಅಂತರದಿಂದ ಶಾಸಕರನ್ನು ಆರಿಸಿದ್ದ ಊರಿದು. ಇಲ್ಲಿಯವರಿಗೆ ಸಣ್ಣ ಅಂತರದ ಬೆಲೆ ತಿಳಿದಿದೆ. ಇಂಥ ಪ್ರಶ್ನೆ ಎದುರಾದಾಗ ನೆನೆಯಬೇಕಾದವರು ಫರ್ಡಿನೆಂಡ್ ಕಿಟ್ಟೆಲ್.

1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಕಿಟ್ಟೆಲರು 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಕನ್ನಡನಾಡಿಗೆ ಬಂದರು. ಧರ್ಮಪ್ರಚಾರದ ನಡುವೆಯೇ ಹಳಗನ್ನಡವನ್ನು ಶ್ರದ್ಧೆಯಿಂದ ಅಭ್ಯಸಿಸಿ, 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು. ಸಮಾಸಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟ ವ್ಯಾಕರಣವದು. ದಶಕಗಳ ದುಡಿಮೆಯ ಫಲವಾಗಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಸಮಾಸಪದಗಳನ್ನು ಅವರು ಮೂಲಪದದ ಆಶ್ರಯದಲ್ಲಿಯೇ ಜೋಡಿಸಿದರು. ಕೂಡುಪದದ ಕುಲ ಅದರಿಂದ ಓದುಗನಿಗೆ ಸ್ಪಷ್ಟವಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷ ಅವರು ನಿಧನರಾದರು.

ಇಂಗ್ಲಿಷಿನಲ್ಲಿ ಪದಗಳನ್ನು ಕೂಡಿಸುವುದೂ ಬಿಡಿಸುವುದೂ ಬಹುಮಟ್ಟಿಗೆ ರೂಢಿಯ ಮಾತು. ಕನ್ನಡಕ್ಕೆ ಕಿವಿಯ ಆಸರೆಯೂ ಉಂಟು. ಮಳೆ ಮತ್ತು ಕಾಲ ಸೇರಿ ಮಳೆಗಾಲವಾದ ಮೇಲೆ ಅವನ್ನು ಬಿಡಿಸಿ ಬರೆಯುವಂತಿಲ್ಲ. ಧ್ವನಿ ಬದಲಾಗದ ಕಡೆ ಮಾತ್ರ ಆಯ್ಕೆಗೆ ಅವಕಾಶ, ಗೊಂದಲವೂ ಅಲ್ಲಿಯೇ.

ಈ ಗೊಂದಲ ಪಂಡಿತರಿಗಷ್ಟೇ ಸೇರಿದ್ದಲ್ಲ. ಗಣಕಯಂತ್ರಕ್ಕೆ ಖಾಲಿ ಜಾಗವೂ ಒಂದು ಅಕ್ಷರ. ಊರಿನ ಹೆಸರು ಒಂದು ಕಡತದಲ್ಲಿ ಕೂಡಿ, ಇನ್ನೊಂದರಲ್ಲಿ ಒಡೆದು ನಿಂತರೆ ರೈತನು ಕಚೇರಿಗೆ ಅಲೆಯಬೇಕಾದೀತು. ಆಡಳಿತವು ಒಂದು ರೂಪವನ್ನು ನಿರ್ಧರಿಸಿ ಎಲ್ಲೆಡೆ ಪಾಲಿಸಲಿ. ಕಿಟ್ಟೆಲರ ಪ್ರತಿಮೆಗೆ ಹಾಕುವ ಹಾರಕ್ಕಿಂತ ಅದು ಹೆಚ್ಚಿನ ಗೌರವ.